ಅತ್ತೆಯವರೊಂದಿಗೆ ಹೊಳೆಯ ದಂಡೆಯಲ್ಲಿ: ಮುಂಬಯಿಯ ಸುಲಭ ಕಾಡುದಾರಿಗಳು

ನಮ್ಮ ಅಡುಗೆಮನೆಯ ಹಿಂದಿನ ಕಿಟಕಿಯನ್ನು ನಾವು ತೆರೆಯುತ್ತಲೇ ಇರಲಿಲ್ಲ. ದಹಿಸರ್ ಪೂರ್ವದ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಿಟಕಿಯ ಆಚೆ ಎರಡು ಸಿಮೆಂಟ್ ಗೋಡೆಗಳ ನಡುವೆ ಕಪ್ಪು ನೀರು ಹರಿಯುತ್ತದೆ. ಬೇಸಿಗೆಯಲ್ಲಿ ಅದರ ವಾಸನೆಗೆ ಒಗ್ಗರಣೆಯ ಘಮವೂ ಸೋಲುತ್ತದೆ. ಓಣಿಯವರೆಲ್ಲ ಅದನ್ನು ನಾಲಾ, ಎಂದರೆ ಚರಂಡಿ, ಎನ್ನುತ್ತಾರೆ, ನಾವೂ ಹಾಗೆಯೇ ಅನ್ನುತ್ತಿದ್ದೆವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಆ ನಾಲಾ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬಂದಿತ್ತು. ಅದು ಹೊಳೆ ಎಂದು ಆ ರಾತ್ರಿ ತಿಳಿಯಿತು. ಮರುವಾರ ಕೆಸರು ತೊಳೆದ ಮೇಲೆ ಮತ್ತೆ ಮರೆತೆವು.

ಮೂರು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ಭಾನುವಾರ, ಎಪ್ಪತ್ತಾರು ವರ್ಷದ ನನ್ನ ಅತ್ತೆಯವರನ್ನು ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಕಾಡಿನೊಳಗೆ ಒಂದು ಚಿಕ್ಕ ಸೇತುವೆಯ ಮೇಲೆ ಅವರು ನಿಂತುಬಿಟ್ಟರು. ಕೆಳಗೆ ಕರಿಬಂಡೆಗಳ ನಡುವೆ ತಿಳಿನೀರು ಹರಿಯುತ್ತಿತ್ತು, ತಳದ ಮರಳೂ ಕಾಣುತ್ತಿತ್ತು. ಅವರು ಕುಮಟಾದ ಕಡೆಯವರು, ಅಘನಾಶಿನಿಯ ದಂಡೆಯಲ್ಲಿ ಹುಟ್ಟಿ ಬೆಳೆದವರು.

"ಇದು ಯಾವ ಹೊಳೆ, ಕೂಸೇ?" ಎಂದು ಕೇಳಿದರು.

"ದಹಿಸರ್ ಹೊಳೆ, ಅತ್ತೆ. ನಮ್ಮ ಮನೆಯ ಹಿಂದೆ ಹರಿಯುವುದು ಇದೇ."

ಅವರು ಏನೂ ಮಾತಾಡಲಿಲ್ಲ. ಕಟ್ಟೆ ಹಿಡಿದುಕೊಂಡು ಬಹಳ ಹೊತ್ತು ನೀರನ್ನೇ ನೋಡಿದರು. ಮನೆಗೆ ಬಂದ ಮೇಲೆ ಅಡುಗೆಮನೆಗೆ ಹೋಗಿ ಆ ಕಿಟಕಿಯನ್ನು ತೆರೆದು ಹೊರಗೆ ನೋಡಿದರು.

ಅಂದಿನಿಂದ ನಾವು ಹನ್ನೊಂದು ಜನ, ಮೂರು ಮನೆಯವರು, ತಿಂಗಳಿಗೆ ಎರಡು ಭಾನುವಾರ ಹೊಳೆಯ ದಂಡೆ ಹಿಡಿದು ನಡೆಯುತ್ತಿದ್ದೇವೆ. ನಮ್ಮಲ್ಲಿ ಎಂಟು ವರ್ಷದ ಹುಡುಗಿಯಿದ್ದಾಳೆ, ಎರಡೂ ಮೊಣಕಾಲು ನೋಯುವ ಭಾವನವರಿದ್ದಾರೆ, ಅತ್ತೆಯವರಂತೂ ಇದ್ದೇ ಇದ್ದಾರೆ. ಕನ್ನಡ ಸಂಘದ ಗೆಳತಿಯರು ಸಿಕ್ಕಾಗಲೆಲ್ಲ ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಟೆ ಹತ್ತುವ ಹುರುಪಿನವರಿಗೆ ಸಹ್ಯಾದ್ರಿಯಲ್ಲಿ ಬೇಕಾದಷ್ಟು ದಾರಿಗಳಿವೆ. ನಾನು ಹೇಳುತ್ತಿರುವುದು ಮನೆಯ ಹಿರಿಯರನ್ನೂ ಮಕ್ಕಳನ್ನೂ ಬಿಟ್ಟುಹೋಗಲು ಮನಸ್ಸಿಲ್ಲದವರ ನಡಿಗೆಯನ್ನು.

ಮೊದಲ ಭಾನುವಾರ ಮಾಹಿಮ್ ಕಡೆಗೆ

ನೇರವಾಗಿ ಕಾಡಿಗೆ ಹೋಗಬೇಡಿ. ಸಾಯನ್ ಮತ್ತು ಬಾಂದ್ರಾ ನಡುವಿನ ಲಿಂಕ್ ರಸ್ತೆಯಲ್ಲಿ, ಧಾರಾವಿಯ ಮಗ್ಗುಲಲ್ಲಿ, ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಮಾಟುಂಗದಲ್ಲಿರುವ ನಮ್ಮವರಿಗಂತೂ ಹೂವಿನ ಅಂಗಡಿಗೆ ಹೋಗಿಬಂದಷ್ಟೇ ಹತ್ತಿರ. 37 ಎಕರೆಯ ಈ ಜಾಗ ಎಪ್ಪತ್ತರ ದಶಕದವರೆಗೂ ಊರಿನ ಕಸ ಸುರಿಯುವ ತಿಪ್ಪೆಯಾಗಿತ್ತು. ಆ ಕಸದ ಮೇಲೆ ಮಣ್ಣು ಹರಡಿ ಗಿಡ ನೆಟ್ಟರು, 1983ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅಲ್ಲೊಂದು ಸಸಿ ನೆಟ್ಟರು. ಈಗ ಒಳಗೆ ಹೊಕ್ಕರೆ ಹೊಂಗೆ, ಅತ್ತಿ, ಬೂರುಗಗಳ ನೆರಳಿನಲ್ಲಿ ರಸ್ತೆಯ ಸದ್ದು ಕರಗಿಹೋಗುತ್ತದೆ. ದಾರಿ ಸಮತಟ್ಟಾಗಿದೆ. ಪಕ್ಕದಲ್ಲೇ ಮೀಠಿ ನದಿ ಹರಿದು ಮಾಹಿಮ್ ಖಾರಿಗೆ ಸೇರುತ್ತದೆ.

ಇಲ್ಲಿ ಒಂದು ಗಂಟೆ ನಡೆದು ನೋಡಿ. ಮನೆಯವರಲ್ಲಿ ಯಾರಿಗೆ ಎಷ್ಟು ದೂರಕ್ಕೆ ದಣಿವಾಗುತ್ತದೆ, ಯಾರ ಚಪ್ಪಲಿ ಕಚ್ಚುತ್ತದೆ, ಯಾವ ಮಗು ಎಷ್ಟು ಹೊತ್ತಿಗೆ ನೀರು ಕೇಳುತ್ತದೆ ಎಂಬುದೆಲ್ಲ ಇಲ್ಲೇ ತಿಳಿಯುತ್ತದೆ. ಕಾಲು ನೋವಾದರೆ ಹತ್ತು ನಿಮಿಷದಲ್ಲಿ ರಿಕ್ಷಾ ಸಿಗುವ ಜಾಗದಲ್ಲಿ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಈ ಮೀಠಿ ಹೊರಡುವುದು ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಿಂದ. 1860ರಲ್ಲಿ ಕಟ್ಟಿ ಮುಗಿಸಿದ ವಿಹಾರ್ ಕೆರೆ ಇರುವುದು ಬೋರಿವಲಿಯ ಅದೇ ಕಾಡಿನ ಒಳಗೆ. ಅಲ್ಲಿನ ಎಲೆಯ ಮೇಲೆ ಬಿದ್ದ ಮಳೆ ಸುಮಾರು ಹದಿನೆಂಟು ಕಿಲೋಮೀಟರ್ ಹರಿದು ಇಲ್ಲಿಗೆ ಬರುತ್ತದೆ. ಮುಂದಿನ ಭಾನುವಾರ ಆ ನೀರಿನ ತವರನ್ನು ನೋಡೋಣ ಎಂದರೆ ನಮ್ಮ ಹುಡುಗಿ ಶನಿವಾರ ರಾತ್ರಿಯೇ ಚೀಲ ತುಂಬಿಕೊಳ್ಳುತ್ತಾಳೆ.

ಬಸ್ಸಿನಲ್ಲಿ ಹತ್ತಿ, ಕಾಲಿನಲ್ಲಿ ಇಳಿಯುವುದು

ಎರಡನೆಯ ನಡಿಗೆ ಕಾನ್ಹೇರಿಯದು. ಬೋರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಹೆದ್ದಾರಿ ದಾಟಿದರೆ ಉದ್ಯಾನದ ಮುಖ್ಯ ಬಾಗಿಲು. ಸೋಮವಾರ ಮುಚ್ಚಿರುತ್ತದೆ, ಇದನ್ನು ಮರೆತು ಹೋಗಿ ಹಿಂತಿರುಗಿದವರನ್ನು ನಾನು ಬಲ್ಲೆ. ಬಾಗಿಲಿನಿಂದ ಕಾನ್ಹೇರಿಯ ಬೌದ್ಧ ಗುಹೆಗಳಿಗೆ ಸುಮಾರು 6 ಕಿಲೋಮೀಟರ್ ಟಾರು ರಸ್ತೆ. ಹೆಚ್ಚಿನವರು ಉಮೇದಿನಿಂದ ನಡೆದು ಹತ್ತುತ್ತಾರೆ, ಗುಹೆ ತಲಪುವ ಹೊತ್ತಿಗೆ ಬೆವತು ಸುಸ್ತಾಗಿ ಬಸ್ಸಿನಲ್ಲಿ ಇಳಿಯುತ್ತಾರೆ. ನೀವು ತಿರುವುಮುರುವು ಮಾಡಿ. ಬೆಳಿಗ್ಗೆ ಒಳಗಿನ ಬಸ್ಸಿನಲ್ಲಿ ಮೇಲೆ ಹೋಗಿ ತಂಪಿನಲ್ಲಿ ಗುಹೆ ನೋಡಿ ಆಮೇಲೆ ನಿಧಾನವಾಗಿ ಇಳಿದು ಬನ್ನಿ. ಅತ್ತೆಯವರಿಗೆ ನಡುನಡುವೆ ಕೂರುವುದೂ ಸೇರಿ ಎರಡೂವರೆ ಗಂಟೆ ಹಿಡಿಯುತ್ತದೆ. ಇಳಿಜಾರಿನಲ್ಲಿ ಮೊಣಕಾಲಿಗೆ ಭಾರ ಬೀಳುವವರು ಕೈಗೋಲು ಹಿಡಿಯಬೇಕು. ಹೆಜ್ಜೆಯನ್ನು ಗಿಡ್ಡದಾಗಿ ಇಟ್ಟು ಮೊಣಕಾಲನ್ನು ತುಸು ಬಗ್ಗಿಸಿಕೊಂಡೇ ಇಳಿದರೆ ಭಾವನವರ ನೋವು ಅರ್ಧಕ್ಕೆ ಇಳಿಯುತ್ತದೆ.

ಗುಹೆಗಳು ನೂರಕ್ಕೂ ಹೆಚ್ಚಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಮೂರನೆಯ ಗುಹೆಯ ಎತ್ತರದ ಬುದ್ಧರನ್ನು ನೋಡಿ, ಆಮೇಲೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನು ಹುಡುಕಿ. ಭಿಕ್ಷುಗಳು ವಾಸಿಸುತ್ತಿದ್ದ ಬಹುಪಾಲು ವಿಹಾರಗಳ ಮುಂದೆ ಒಂದೊಂದಿದೆ. ಮೇಲಿನ ಬಂಡೆಯ ಮೇಲೆ ಬೆರಳಗಲದ ಕಾಲುವೆ ಕೊರೆದು ಮಳೆನೀರನ್ನು ಅದಕ್ಕೆ ತಿರುಗಿಸಿದ್ದಾರೆ. ಎರಡು ಸಾವಿರ ವರ್ಷದ ಹಿಂದಿನ ಭಿಕ್ಷುಗಳು ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿಕೊಂಡ ಬಗೆ ಇದು. ನಮ್ಮವರಿಗೆ ಹತ್ತಿರದ ಇನ್ನೊಂದು ಸಂಗತಿಯೂ ಇಲ್ಲಿದೆ. ಒಂಬತ್ತನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಒಡೆಯನಾಗಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಮಳಖೇಡದ ನಮ್ಮ ನೃಪತುಂಗನೇ ಅವನು. ಮುಂಬಯಿಗೆ ಹೊಟ್ಟೆಪಾಡಿಗೆ ಬಂದವರ ಮಕ್ಕಳಿಗೆ ಆ ಕಲ್ಲಿನ ಎದುರು ನಿಂತು ಈ ಮಾತು ಹೇಳುವಾಗ ನನ್ನ ಗಂಟಲು ತುಂಬಿ ಬರುತ್ತದೆ.

ತಿಂಡಿಯನ್ನು ಗುಹೆಗಳ ಹತ್ತಿರ ಬಿಚ್ಚಬೇಡಿ. ಅಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದೇ ಊಟದ ಗಂಟೆ. ಬಟ್ಟೆ ಚೀಲದಲ್ಲಿ ಸ್ಟೀಲ್ ಡಬ್ಬಿಯಿಟ್ಟು ಚೀಲದ ಬಾಯಿ ಕಟ್ಟಿಕೊಂಡು ಹೋಗಿ. ಮಂಗ ಎದುರಾದರೆ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಿ ನಗಬೇಡಿ, ಕೈಯಲ್ಲಿದ್ದುದನ್ನು ಎಳೆದಾಡಬೇಡಿ. ಬಾಳೆಹಣ್ಣಿನ ಸಿಪ್ಪೆಯೂ ಸೇರಿ ತಂದದ್ದೆಲ್ಲ ಮನೆಗೆ ಹಿಂತಿರುಗಬೇಕು. ಸಿಪ್ಪೆ ಕೊಳೆಯುವ ವಸ್ತುವಲ್ಲವೇ ಎಂದು ಹಲವರು ಕೇಳುತ್ತಾರೆ. ಮನುಷ್ಯರಿರುವಲ್ಲಿ ತಿನ್ನುವುದಕ್ಕೆ ಸಿಗುತ್ತದೆ ಎಂದು ಪ್ರಾಣಿಗಳಿಗೆ ಕಲಿಸುವುದು ಆ ಸಿಪ್ಪೆಯೇ.

ಹೊಳೆಯನ್ನು ಮರಗಳಿಂದ ಗುರುತಿಸುವುದು

ಇಳಿಯುವ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಆಟ ಇದು, ಕಲಿಸಿದವರು ಅತ್ತೆ. ನೀರು ಕಣ್ಣಿಗೆ ಬೀಳುವ ಮೊದಲೇ ಹೊಳೆ ಎಲ್ಲಿದೆ ಎಂದು ಹೇಳಬೇಕು. ನಮ್ಮ ಭಾಷೆಯ ಮರದ ಹೆಸರುಗಳಲ್ಲೇ ಉತ್ತರ ಅಡಗಿದೆ. ಮರಾಠಿಯವರು ಅರ್ಜುನ ಎನ್ನುವ ಮರವನ್ನು ನಾವು ಹೊಳೆಮತ್ತಿ ಎನ್ನುತ್ತೇವೆ. ಬೂದು ಬಣ್ಣದ ನುಣುಪು ಕಾಂಡ, ತೆಳುವಾದ ಹಾಳೆಗಳಂತೆ ಏಳುವ ತೊಗಟೆ, ಐದು ರೆಕ್ಕೆಗಳ ಗಟ್ಟಿ ಕಾಯಿ. ಮಹಾರಾಷ್ಟ್ರದ ರಾಜ್ಯಪುಷ್ಪವಾದ ತಾಮ್ಹಣ ನಮಗೆ ಹೊಳೆದಾಸವಾಳ. ಏಪ್ರಿಲ್‌ನಿಂದ ಜೂನ್‌ವರೆಗೆ ಅದರ ನೇರಳೆ ಹೂವಿನ ಗೊಂಚಲು ದೂರದಿಂದಲೇ ಕಾಣುತ್ತದೆ. ಒಣ ಇಳಿಜಾರಿನಲ್ಲಿ ತೇಗ, ಮುತ್ತುಗಗಳು ನಿಂತಿರುತ್ತವೆ. ಅವು ವಿರಳವಾಗಿ ಹೊಂಗೆ, ಅತ್ತಿ, ಹೊಳೆಮತ್ತಿಗಳು ಶುರುವಾದವೆಂದರೆ ನೀರು ಹತ್ತಿರವಿದೆ ಎಂದೇ ಅರ್ಥ. ಗಾಳಿಯೂ ಅಲ್ಲಿ ತಣ್ಣಗಾಗುತ್ತದೆ. "ಕಣ್ಣು ಮುಚ್ಚಿಕೋ, ಕೆನ್ನೆಗೆ ತಂಪು ಯಾವ ಕಡೆಯಿಂದ ಬರುತ್ತದೆ ಹೇಳು" ಎಂದು ಅತ್ತೆ ಹುಡುಗಿಯನ್ನು ಕೇಳುತ್ತಾರೆ. ಅವಳು ಕೈ ತೋರಿಸುತ್ತಾಳೆ. ಹೆಚ್ಚಿನ ಸಲ ಸರಿಯಾಗಿಯೇ ತೋರಿಸುತ್ತಾಳೆ.

ಹುಡುಗರಿಗೆ ಬೇಸರ ಬಂದಾಗ ಹತ್ತು ನಿಮಿಷ ಯಾರೂ ಮಾತಾಡಬಾರದು ಎಂಬ ನಿಯಮ ಮಾಡಿ. ಮಳೆಗಾಲದ ಬೆಳಿಗ್ಗೆಯಾದರೆ ಹಳ್ಳದ ಕಡೆಯಿಂದ ಮನುಷ್ಯರೇ ಸಿಳ್ಳೆ ಹಾಕಿದಂಥ ಹಾಡು ಕೇಳುತ್ತದೆ. ಅದು ಹಕ್ಕಿ. ಬಾಲದಲ್ಲಿ ಎರಡು ಉದ್ದ ತಂತಿ ಎಳೆದುಕೊಂಡು ಹಾರುವ ಭೀಮರಾಜನೂ ಈ ಮೌನದಲ್ಲೇ ಕಾಣಿಸಿಕೊಳ್ಳುವುದು.

ಅಕ್ಟೋಬರ್, ನವೆಂಬರ್‌ನಲ್ಲಿ ದಾರಿಗೆ ಅಡ್ಡವಾಗಿ ದೊಡ್ಡ ಕಾಡುಜೇಡಗಳ ಬಲೆ ಇರುತ್ತದೆ, ಸರಿಯಾಗಿ ಮುಖದ ಎತ್ತರಕ್ಕೆ. ಮುಂದೆ ನಡೆಯುವವರು ಕೋಲನ್ನು ಮುಖದ ಮುಂದೆ ನೆಟ್ಟಗೆ ಹಿಡಿದುಕೊಳ್ಳಲಿ. ಬಲೆ ಸಿಕ್ಕರೆ ಹರಿಯಬೇಡಿ, ಬಗ್ಗಿ ದಾಟಿ. ದಾಟಿದ ಮೇಲೆ ಬಿಸಿಲಿಗೆ ಎದುರಾಗಿ ತಿರುಗಿ ನೋಡಿ: ಎಳೆಗಳು ಬಿಳಿಯಾಗಿರುವುದಿಲ್ಲ, ಹಳದಿ ರೇಷ್ಮೆಯಂತೆ ಬಂಗಾರದ ಬಣ್ಣಕ್ಕೆ ಹೊಳೆಯುತ್ತವೆ. ನಡುವೆ ಕೂತ ಅಂಗೈಯಗಲದ ಜೇಡ ಹೆಣ್ಣು. ಅದೇ ಬಲೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕೆಂಪಗೆ ಕೂತಿರುವುದು ಗಂಡು. ಇದನ್ನು ನೋಡಲು ನಾವು ಒಮ್ಮೆ ಇಪ್ಪತ್ತು ನಿಮಿಷ ನಿಂತಿದ್ದೇವೆ.

ಸಿಲೋಂಡಾ, ಮತ್ತು ನೀರು ದಾಟುವ ಬಗೆ

ಎರಡು ಮೂರು ಸಲ ಕಾನ್ಹೇರಿ ದಾರಿ ನಡೆದು ಧೈರ್ಯ ಬಂದ ಮೇಲೆ ಸಿಲೋಂಡಾ. ಇದು ನಿಜವಾದ ಕಾಲುದಾರಿ, ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ದಹಿಸರ್ ಹೊಳೆಯ ಸನಿಹದಲ್ಲೇ ಸಾಗುತ್ತದೆ. ಇಲ್ಲಿಗೆ ನಿಮ್ಮಷ್ಟಕ್ಕೆ ನುಗ್ಗುವಂತಿಲ್ಲ. ಉದ್ಯಾನದ ಪ್ರಕೃತಿ ಮಾಹಿತಿ ಕೇಂದ್ರದಲ್ಲಿ ಮೊದಲೇ ಹೆಸರು ಕೊಟ್ಟು ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ನಿಯಮ ಎಂಬ ಕಾರಣಕ್ಕಷ್ಟೇ ಹೇಳುತ್ತಿಲ್ಲ. ಇದು ಚಿರತೆಗಳ ಮನೆ. ಒಳಗಿನ ಪಾಡಾಗಳಲ್ಲಿ, ಎಂದರೆ ಹಾಡಿಗಳಲ್ಲಿ, ತಲೆಮಾರುಗಳಿಂದ ಇರುವ ವಾರ್ಲಿ ಆದಿವಾಸಿ ಜನ ವಾಘೋಬಾನಿಗೆ ಪೂಜೆ ಸಲ್ಲಿಸುತ್ತಾರೆ, ನಮ್ಮ ಉತ್ತರ ಕನ್ನಡದಲ್ಲಿ ಹುಲಿದೇವರಿಗೆ ಕಾಯಿ ಒಡೆಯುವ ಹಾಗೆಯೇ. ಕತ್ತಲೆಗೆ ಮುಂಚೆ ಹೊರಬೀಳುವುದು, ಮಕ್ಕಳನ್ನು ಸಾಲಿನ ನಡುವೆ ಇಟ್ಟುಕೊಳ್ಳುವುದು, ಯಾರೂ ಒಬ್ಬರೇ ಪೊದೆಯ ಮರೆಗೆ ಹೋಗದಿರುವುದು: ಇಷ್ಟು ಪಾಲಿಸಿದರೆ ಆ ಮನೆಗೆ ಅತಿಥಿಗಳಂತೆ ಹೋಗಿ ಬರಬಹುದು. ಮೇ ತಿಂಗಳಲ್ಲಿ ವಾರ್ಲಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು, ನೇರಳೆ ಹಣ್ಣು ಮಾರುತ್ತ ಕೂತಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ.

ನಡೆಯುವ ಸಾಲಿನ ವಿಷಯದಲ್ಲಿ ನನ್ನದೊಂದು ಹಟವಿದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮಾರ್ಗದರ್ಶಿಯ ಬೆನ್ನಿಗೇ ಇರಬೇಕು. ಅತ್ತೆಯವರನ್ನು ಹಿಂದೆ ಬಿಟ್ಟಿದ್ದ ದಿನಗಳಲ್ಲಿ ಮುಂದಿನವರು ನೆರಳಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದರು, ಅವರು ಬಂದು ಮುಟ್ಟುವಷ್ಟರಲ್ಲಿ ಎಲ್ಲರೂ ಎದ್ದು ಹೊರಡುತ್ತಿದ್ದರು. ಅತಿ ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ಈಗ ಅವರು ಮುಂದೆ, ಗಟ್ಟಿಗ ಅಳಿಯ ಔಷಧಿಯ ಚೀಲ ಹೊತ್ತು ಕೊನೆಯಲ್ಲಿ.

ಕಾಲಮಾನವನ್ನು ನಾನು ಊರಿನ ಮಳೆ ನಕ್ಷತ್ರಗಳಿಂದಲೇ ಲೆಕ್ಕ ಹಾಕುತ್ತೇನೆ. ಆರ್ದ್ರಾ, ಪುನರ್ವಸು, ಪುಷ್ಯ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ, ಹಳ್ಳ ದಾಟುವ ಯಾವ ದಾರಿಯೂ ಬೇಡ, ಟಾರು ರಸ್ತೆಯ ಮೇಲೆ ಕೊಡೆ ಹಿಡಿದು ನಡೆಯಿರಿ. ಹಸ್ತ, ಚಿತ್ತಾ, ಸ್ವಾತಿ ಮಳೆಗಳ ಹೊತ್ತಿಗೆ ನೀರು ತಿಳಿಯಾಗಿ ಇನ್ನೂ ಹರಿಯುತ್ತಿರುತ್ತದೆ. ನನ್ನ ಪ್ರಕಾರ ಇಡೀ ವರ್ಷದಲ್ಲಿ ಇದೇ ಅತ್ಯುತ್ತಮ ಕಾಲ. ಇಳಿಜಾರುಗಳನ್ನು ತುಂಬಿದ ಕಾರವಿ ಗಿಡಗಳು ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಡುತ್ತವೆ. 2016ರಲ್ಲಿ ಬಿಟ್ಟಿದ್ದವು, 2024ರಲ್ಲಿ ಬಿಟ್ಟವು. 2032ಕ್ಕೆ ನಮ್ಮ ಹುಡುಗಿ ಕಾಲೇಜು ಸೇರುವ ವಯಸ್ಸಿಗೆ ಬರುತ್ತಾಳೆ. ಜೊತೆಗೆ ಬರುತ್ತೇನೆಂದು ಅತ್ತೆ ಮಾತು ಕೊಟ್ಟಿದ್ದಾರೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅದಕ್ಕೆ ಕಾರಣ ಒಂದು ಸೆಪ್ಟೆಂಬರ್. ಇನ್ನೊಂದು ದಾರಿಯಲ್ಲಿ ಪಾದ ಮುಳುಗುವಷ್ಟೇ ನೀರಿದ್ದ ಹಳ್ಳವೊಂದನ್ನು ದಾಟಿ ಆಚೆ ದಡದಲ್ಲಿ ಅವಲಕ್ಕಿ ಹಂಚುತ್ತಿದ್ದೆವು. ತಲೆಯ ಮೇಲೆ ಬಿಸಿಲು. ಮಾರ್ಗದರ್ಶಿ ಹುಡುಗ, "ತಾಯಿ, ಹೊರಡೋಣ" ಎಂದು ಎರಡು ಸಲ ಹೇಳಿದ. ಐದೇ ನಿಮಿಷ ಎಂದು ನಾನೇ ತಡೆದೆ. ಅತ್ತೆಯವರು ನೀರಿನ ಅಂಚಿನಲ್ಲಿ ಊರಿನ ಅಭ್ಯಾಸದಂತೆ ಮೂರು ಕಲ್ಲು ಇಟ್ಟಿದ್ದರು: ಒಂದು ನೀರಿಗೆ ತಾಗಿ, ಒಂದು ಗೇಣು ಮೇಲೆ, ಮತ್ತೊಂದು ಮೊಳ ಮೇಲೆ. ಅವಲಕ್ಕಿಯ ಡಬ್ಬಿ ಮುಚ್ಚುವಾಗ ನೋಡಿದರೆ ಮೊದಲ ಕಲ್ಲು ಇರಲಿಲ್ಲ. ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಒಣ ಎಲೆ, ಕಡ್ಡಿಗಳು ತೇಲಿ ಬರುತ್ತಿದ್ದವು. ಗಲಗಲ ಎನ್ನುತ್ತಿದ್ದ ಹಳ್ಳದ ಸದ್ದು ಗಡುಸಾಗಿತ್ತು. ಎಲ್ಲೋ ಮೇಲೆ, ನಮಗೆ ಕಾಣದ ಗುಡ್ಡದಲ್ಲಿ ಮಳೆ ಹೊಯ್ದಿತ್ತು. ನಾವು ಚೀಲಗಳನ್ನು ಎತ್ತಿಕೊಳ್ಳುವಷ್ಟರಲ್ಲಿ ಎರಡನೆಯ ಕಲ್ಲೂ ಹೋಯಿತು. ದಾಟೋಣವೇ ಎಂದು ಅಳಿಯ ಕೇಳಿದ. ಅತ್ತೆ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಏರಿದ ನೀರು ಇಳಿದೇ ಇಳಿಯುತ್ತದೆ. ಎತ್ತರಕ್ಕೆ ಹೋಗಿ ಕೂರಿ" ಎಂದರು. ಎರಡು ಗಂಟೆ ಕೂತೆವು. ಮೂರನೆಯ ಕಲ್ಲಿನ ಬುಡದವರೆಗೆ ಬಂದ ನೀರು ಮೆಲ್ಲಗೆ ಇಳಿಯಿತು.

ಅಂದಿನಿಂದ ನಾವು ಯಾವ ಹಳ್ಳದ ಬಳಿ ಕೂತರೂ ಮೂರು ಕಲ್ಲು ಇಡುತ್ತೇವೆ. ನೀವೂ ಇಡಿ. ಬಣ್ಣ ಬದಲಾಗುವುದು, ಕಸಕಡ್ಡಿ ತೇಲುವುದು, ಸದ್ದು ಬದಲಾಗುವುದು, ಈ ಮೂರರಲ್ಲಿ ಒಂದು ಕಂಡರೂ ತಿನ್ನುತ್ತಿದ್ದುದನ್ನು ಬಿಟ್ಟು ಮೇಲೆ ಏರಿ. ಹಳ್ಳದ ಯಾವ ದಡದಲ್ಲಿದ್ದೀರೋ ಅದೇ ದಡದಲ್ಲಿ ಏರಿ.

ದಾಟುವಾಗ ಅಗಲವಾಗಿ, ಸದ್ದು ಮಾಡುತ್ತ ಹರಿಯುವ ಜಾಗವನ್ನು ಆರಿಸಿಕೊಳ್ಳಿ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹೊಳೆಗೂ ಸಲ್ಲುತ್ತದೆ, ಕಿರಿದಾಗಿ ಸದ್ದಿಲ್ಲದೆ ಸಾಗುವ ನೀರು ಆಳವಾಗಿರುತ್ತದೆ. ಮುಖವನ್ನು ನೀರು ಬರುವ ದಿಕ್ಕಿಗೆ ಇಟ್ಟುಕೊಂಡು, ಕೋಲನ್ನು ಮುಂದೆ ಊರಿ, ಏಡಿಯ ಹಾಗೆ ಪಕ್ಕಕ್ಕೆ ಸರಿಯಬೇಕು. ಕಾಲನ್ನು ಎತ್ತಿ ಇಡದೆ ತಳಕ್ಕೆ ಸವರಿಕೊಂಡು ಸರಿಸಿ. ಬೆನ್ನಚೀಲದ ಸೊಂಟದ ಪಟ್ಟಿ ಬಿಚ್ಚಿರಲಿ, ಬಿದ್ದರೆ ಕೂಡಲೇ ಕಳಚುವಂತಿರಬೇಕು. ಇಲ್ಲಿನ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಹಸಿರು ಪಾಚಿ ಎಣ್ಣೆ ಸವರಿದಂತೆ ಕೂತಿರುತ್ತದೆ. ಎಷ್ಟು ಹೊಸ ಬೂಟಾದರೂ ಅದರ ಮೇಲೆ ನಿಲ್ಲದು. ಬೂಟು ಒದ್ದೆಯಾಗದಿರಲಿ ಎಂದು ಕಲ್ಲಿಂದ ಕಲ್ಲಿಗೆ ಹಾರುವವರೇ ಬೀಳುವುದು. ಕಲ್ಲುಗಳ ನಡುವಿನ ಮರಳಿನಲ್ಲಿ ಕಾಲಿಡಿ, ಒದ್ದೆಯಾದರೆ ಆಗಲಿ. ಹಿರಿಯರಿಗೆ ಮೊಣಕಾಲಿಗಿಂತ ಕೆಳಗೆ, ಮಕ್ಕಳಿಗೆ ಪಾದದ ಗಂಟಿನವರೆಗೆ. ಅದಕ್ಕಿಂತ ಹೆಚ್ಚು ನೀರಿದ್ದರೆ ಅಂದಿನ ನಡಿಗೆ ಅಲ್ಲಿಗೇ ಮುಗಿಯಿತೆಂದು ತಿಳಿದು ಹಿಂತಿರುಗಿ.

ಕಾಲಿನಲ್ಲಿ ಗಾಯವಿದ್ದವರು ಪಟ್ಟಿ ಕಟ್ಟಿಕೊಳ್ಳದೆ ನೀರಿಗೆ ಇಳಿಯಬಾರದು. ಮುಂಬಯಿಯ ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದದ್ದೇ. ಎರಡು ಮೂರು ವಾರದೊಳಗೆ ಜ್ವರ, ಮೈಕೈನೋವು ಬಂದರೆ ನೀರಿಗೆ ಇಳಿದಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಿ. ಕಾಡಿನಿಂದ ಹೊರಬಿದ್ದ ಮೇಲಿನ ಹೊಳೆಯ ನೀರನ್ನಂತೂ ಮುಟ್ಟಲೇಬೇಡಿ. ಹೀಗೆ ಬರೆಯಬೇಕಾಗಿ ಬಂದದ್ದು ನನಗೆ ಬಹಳ ನೋವಿನ ಸಂಗತಿ.

ಚೀಲದಲ್ಲಿ ಏನಿರಬೇಕು

ತಲೆಗೆ ಒಂದೂವರೆ ಲೀಟರ್ ನೀರು. ಅರ್ಧ ನೀರು ಮುಗಿದ ಜಾಗದಿಂದ ಹಿಂತಿರುಗಬೇಕು, ಗುರಿ ಎಷ್ಟೇ ಹತ್ತಿರವಿದ್ದರೂ ಸರಿ. ಹಿಂತಿರುಗುವ ಗಂಟೆಯನ್ನೂ ಬಾಗಿಲಿನಲ್ಲೇ ಎಲ್ಲರ ಎದುರು ಹೇಳಿಬಿಡಿ. ಕಾಡಿನೊಳಗೆ ಹೋದ ಮೇಲೆ ಆ ಚರ್ಚೆ ಬೇಡ. ನಾನು ಮುರುಗಲಿನ ಪಾನಕಕ್ಕೆ ಉಪ್ಪು, ಬೆಲ್ಲ, ಜೀರಿಗೆ ಹಾಕಿ ಒಂದು ಬಾಟಲಿ ಬೇರೆಯಾಗಿ ಒಯ್ಯುತ್ತೇನೆ. ಮುಂಬಯಿಯ ಸೆಕೆಯಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು. ತಿನ್ನಲು ಒಗ್ಗರಣೆ ಅವಲಕ್ಕಿ, ಶೇಂಗಾ ಚಿಕ್ಕಿ, ಉಪ್ಪಿನಲ್ಲಿ ಒಣಗಿಸಿದ ನೆಲ್ಲಿಕಾಯಿ. ಮೊಸರನ್ನ ಹುಳಿಯಾಗುತ್ತದೆ, ಬೇಡ.

ಉದ್ದ ತೋಳಿನ ಹತ್ತಿ ಅಂಗಿ, ಪಾದದವರೆಗಿನ ಪ್ಯಾಂಟು ಅಥವಾ ಸಲ್ವಾರ್. ಅತ್ತೆಯವರು ಸೀರೆಯನ್ನು ಕಚ್ಚೆ ಹಾಕಿ ಉಡುತ್ತಾರೆ, ನಮ್ಮೆಲ್ಲರಿಗಿಂತ ಸಲೀಸಾಗಿ ಹೆಜ್ಜೆ ಇಡುತ್ತಾರೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ದಾರಿಯ ಪಕ್ಕದ ಬಳ್ಳಿಗಳಲ್ಲಿ ಮಖಮಲ್ಲಿನಂಥ ಕಂದು ರೋಮದ ಕಾಯಿ ತೂಗುತ್ತಿರುತ್ತದೆ. ನೋಡಲು ಚೆಂದ, ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ. ಅದು ನಸುಗುನ್ನಿ. ತಾಗಿದರೆ ತುರಿಕೆ ಉರಿಯಾಗಿ ಏಳುತ್ತದೆ. ಉಜ್ಜಿದಷ್ಟೂ ರೋಮ ಚರ್ಮದೊಳಗೆ ಇಳಿಯುತ್ತದೆ. ಅಂಟುಪಟ್ಟಿಯನ್ನು ಮೇಲೆ ಒತ್ತಿ ಕಿತ್ತರೆ ರೋಮ ಅದಕ್ಕೆ ಅಂಟಿ ಬರುತ್ತದೆ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಹಾಗಾಗಿ ನನ್ನ ಚೀಲದಲ್ಲಿ ಅಂಟುಪಟ್ಟಿಯ ಸುರುಳಿ ಸದಾ ಇರುತ್ತದೆ.

ಕೈ ಊರುವ ಮೊದಲು ಬಂಡೆಯನ್ನೂ ಕೊಂಬೆಯನ್ನೂ ಕಣ್ಣಿಟ್ಟು ನೋಡಿ. ಇಲ್ಲಿನ ಹಸಿರು ಮಂಡಲದ ಹಾವು ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಕೂತಿರುತ್ತದೆ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಆ ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಕಣಿವೆಯಲ್ಲಿ ಮೊಬೈಲ್ ಸಂಪರ್ಕ ಎಲ್ಲ ಕಡೆ ಸಿಗುವುದಿಲ್ಲ. ಯಾವ ದಾರಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ಮನೆಯಲ್ಲಿ ಉಳಿದವರಿಗೆ ಬರೆದಿಟ್ಟು ಹೋಗಿ. ಪ್ರತಿಯೊಂದು ಮಗುವಿನ ಕೊರಳಲ್ಲಿ ಒಂದು ಪೀಪಿ ಇರಲಿ.

ಇನ್ನೆರಡು ದಾರಿಗಳು

ನಾಗಲಾ ಬ್ಲಾಕ್ ಇದೇ ಉದ್ಯಾನದ ಉತ್ತರದ ತುಂಡು. ಅಹಮದಾಬಾದ್ ಹೆದ್ದಾರಿಯ ಸಸುನವಘರ್ ಎಂಬ ಹಳ್ಳಿಯಿಂದ ಹೊರಡುವ ಈ ದಾರಿ ವಸಈ ಖಾರಿಯ ಅಂಚಿಗೆ ಕರೆದೊಯ್ಯುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ಇದಕ್ಕೂ ಉದ್ಯಾನದವರ ಅನುಮತಿ ಬೇಕು. ಹೆಚ್ಚು ಏರಿಲ್ಲ, ಚಳಿಗಾಲದಲ್ಲಿ ಹೋಗಿ.

ಕರ್ನಾಳಾ ಪಕ್ಷಿಧಾಮ ಪನ್ವೇಲ್‌ನಿಂದ ಮುಂದೆ ಗೋವಾ ಹೆದ್ದಾರಿಯ ಮೇಲೇ ಇದೆ. ಹೆಬ್ಬೆರಳು ಎತ್ತಿ ಹಿಡಿದಂತೆ ನಿಂತ ಕೋಟೆಯ ಕಲ್ಲು ದೂರದಿಂದಲೇ ಕಾಣುತ್ತದೆ. ಈ 66ನೇ ಹೆದ್ದಾರಿಯೇ ನಮ್ಮ ಕುಮಟಾ, ಉಡುಪಿ, ಮಂಗಳೂರುಗಳನ್ನು ಹಾದು ಹೋಗುವುದು, ಹಾಗಾಗಿ ಬಾಗಿಲಿನಲ್ಲಿ ನಿಂತಾಗ ಅತ್ತೆಯವರು ದಕ್ಷಿಣಕ್ಕೆ ಒಮ್ಮೆ ನೋಡಿಯೇ ಒಳಗೆ ಬರುತ್ತಾರೆ. ಕೋಟೆ ಹತ್ತಲು ಹೋಗಬೇಡಿ. ಕೆಳಗೆ ಹರಿಯಾಲ್, ಮೋರಟಾಕಾ ಎಂಬ ಎರಡು ಕಾಲುದಾರಿಗಳಿವೆ, ಮಕ್ಕಳಿಗೂ ಹಿರಿಯರಿಗೂ ಅವು ಸಾಕು. ಹರಿಯಾಲ್ ಎಂದರೆ ಹಸಿರು ಪಾರಿವಾಳ, ಮಹಾರಾಷ್ಟ್ರದ ರಾಜ್ಯಪಕ್ಷಿ. ಅತ್ತಿ, ಆಲಗಳು ಹಣ್ಣಾದಾಗ ಮರದ ತುದಿಯಲ್ಲಿ ಕೂತಿರುತ್ತದೆ, ಎಲೆಯೇ ಅಲುಗಿತೇನೋ ಅನ್ನಿಸುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ನೋಡಿಬಿಡಬೇಕು, ಬಿಸಿಲೇರಿದರೆ ಹಕ್ಕಿಗಳು ಮೌನವಾಗುತ್ತವೆ.

ಪನ್ವೇಲ್ ಡಿಪೋದಿಂದ ಪೇಣ್ ಕಡೆಗೆ ಹೋಗುವ ಎಸ್‌ಟಿ ಬಸ್ ಹತ್ತಿ, ಪಕ್ಷಿಧಾಮದ ಬಾಗಿಲಿನಲ್ಲಿ ಇಳಿಸುವಂತೆ ಕಂಡಕ್ಟರಿಗೆ ಮೊದಲೇ ಹೇಳಿಡಿ. ಹಿಂತಿರುಗುವಾಗ ಹೆದ್ದಾರಿ ದಾಟಬೇಕಾಗುತ್ತದೆ, ವಾಹನಗಳು ಬಹಳ ವೇಗವಾಗಿ ಬರುತ್ತವೆ. ದಿನವಿಡೀ ಕಾಡಿನಲ್ಲಿ ಕೈಬಿಟ್ಟು ಓಡಾಡಿದ ಮಕ್ಕಳ ಕೈಯನ್ನು ಅಲ್ಲಿ ಹಿಡಿದುಕೊಳ್ಳಿ.